ಹೆಡ್ಮಾಸ್ಟರ ಬಾಯಲ್ಲಿ ಮೊಮ್ಮಗಳ ಹಲ್ಲು

ನಾನು ಹಲ್ಲು ಮಾಡುವವಳು. ಕೀಳುವವಳಲ್ಲ. ಕೀಳುವುದಕ್ಕೆ ಕೆಳಗಡೆ ಕ್ಲಿನಿಕ್ಕಿನಲ್ಲಿ ಡಾಕ್ಟರಿದ್ದಾರೆ. ಅವರು ಕಿತ್ತು ಬೋಳು ಮಾಡಿದ ಬಾಯಿಯ ಅಚ್ಚು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುತ್ತದೆ. ಕೋಣೆಯ ಹಿಂದೆಯೇ ನಮ್ಮ ಮನೆ. ಅಚ್ಚಿಗೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸುತ್ತೇನೆ, ದವಡೆಯ ಮೇಲೆ ಮೇಣ ಕೂರಿಸುತ್ತೇನೆ, ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತೇನೆ. ನಲವತ್ತೈದು ವರ್ಷಗಳಿಂದ ಇದೇ ಕಸುಬು. ಈ ಊರಿನ ಮುದುಕರಲ್ಲಿ ಅರ್ಧ ಜನ ನಗುವುದು ನನ್ನ ಕೈಕೆಲಸದಲ್ಲಿ. ಯಾರದು ಸ್ವಂತದ್ದು, ಯಾರದು ನನ್ನದು ಎಂದು ಮಾತ್ರ ಸತ್ತರೂ ಬಾಯಿ ಬಿಡುವುದಿಲ್ಲ. ಅದು ಕಸುಬಿನ ನಿಯಮ. ಇವತ್ತು ಒಬ್ಬರದ್ದು ಹೇಳುತ್ತಿದ್ದೇನೆ, ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ನನಗೆ ಸಿಟ್ಟು ಜಾಸ್ತಿ. ಮೂಗಿನ ತುದಿಯಲ್ಲೇ ಕೂತಿರುತ್ತದೆ ಎನ್ನುತ್ತಾಳೆ ಮಗಳು. ಕೂತಿದ್ದರೆ ಕೂತಿರಲಿ, ಅವಳ ಮೂಗಲ್ಲವಲ್ಲ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಾಳೆ, ಬೆಳಗ್ಗೆ ಆರಕ್ಕೆ ಮನೆ ಬಿಡುತ್ತಾಳೆ. ಹಾಗಾಗಿ ಅವಳ ಮಗಳನ್ನು ಎಬ್ಬಿಸಿ, ತಲೆ ಬಾಚಿ, ಶಾಲೆಗೆ ಅಟ್ಟುವ ಕೆಲಸ ನನ್ನದು. ಮೊಮ್ಮಗಳಿಗೆ ಹದಿಮೂರು.

ಅವಳ ಬಾಯಿ ಎಂದರೆ ಬಾಯಿ. ಅರಳು ಹುರಿದ ಹಾಗೆ ಮಾತು. ಶಾಲೆ ಬಿಟ್ಟವಳು ನೇರ ನನ್ನ ಕೋಣೆಗೆ ಬಂದು, ಸ್ಟೂಲು ಎಳೆದುಕೊಂಡು, ಕಪಾಟಿನಿಂದ ಎರಡು ಪ್ಲಾಸ್ಟರ್ ದವಡೆ ಇಳಿಸಿ, ಅವುಗಳಿಂದ ನಾಟಕ ಆಡಿಸುತ್ತಿದ್ದಳು. ಊರಿನ ಗಣ್ಯರ ದವಡೆಗಳೆಲ್ಲ ಅವಳ ಕೈಯಲ್ಲಿ ಲಟಲಟ ಎಂದು ಜಗಳ ಆಡುತ್ತಿದ್ದವು. ನಾನು ಬೈಯುವುದು, ಅವಳು ಕಿಸಕ್ಕೆನ್ನುವುದು, ಹೀಗೆ ಸಂಜೆ ಕಳೆಯುತ್ತಿತ್ತು.

ಒಂದು ದಿನ ದವಡೆಗಳು ಸುಮ್ಮನಾದವು. ನಾನು ಕೆಲಸದ ಗಡಿಬಿಡಿಯಲ್ಲಿ ಗಮನಿಸಲಿಲ್ಲ, ನನ್ನ ತಲೆಗಿಷ್ಟು. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಮಾತಾಡುವಾಗ ಕೈ ಬಾಯಿಗೆ ಅಡ್ಡ ಬರುತ್ತಿತ್ತು. ತಟ್ಟೆ ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಒಬ್ಬಳೇ ತಿನ್ನುತ್ತಿದ್ದಳು. ಸೋಮವಾರ ಬಂತೆಂದರೆ ಹೊಟ್ಟೆ ನೋವು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಏನೇ ಅಂದರೆ "ಏನಿಲ್ಲ". ಹದಿಮೂರು ವರ್ಷದ ಮಗು ದಿನಕ್ಕೆ ಹತ್ತು ಸಲ "ಏನಿಲ್ಲ" ಅಂದರೆ ಏನೋ ಇದೆ ಎಂದೇ ಅರ್ಥ.

ಮಗಳು ಒಂದು ಬೆಳಗ್ಗೆ ಹೊರಡುವಾಗ ಹೇಳಿದಳು, "ಅಮ್ಮಾ, ಇವಳು ನಿದ್ದೇಲಿ ಹಲ್ಲು ಕಡೀತಾಳೆ. ಪಕ್ಕದಲ್ಲಿ ಮಲಗೋಕೇ ಆಗಲ್ಲ."

ಹಲ್ಲು ಎಂದರೆ ನನ್ನ ಇಲಾಖೆ. ಅವಳನ್ನು ಕೂರಿಸಿ ಅಚ್ಚು ತೆಗೆದೆ. ಮಲಗುವಾಗ ಹಾಕಿಕೊಳ್ಳುವ ಕವಚ ಮಾಡಿಕೊಡೋಣ ಎಂದು. ಪ್ಲಾಸ್ಟರ್ ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ದವಡೆ ಹಲ್ಲಿನ ತುದಿಗಳು ಸವೆದು ಚಪ್ಪಟೆಯಾಗಿದ್ದವು. ಅಂಥ ಸವೆತವನ್ನು ನಾನು ನೋಡಿದ್ದು ಐವತ್ತು ದಾಟಿದವರ ಬಾಯಿಯಲ್ಲಿ, ಅದೂ ಮನೆಯಲ್ಲಿ ನೆಮ್ಮದಿ ಇಲ್ಲದವರ ಬಾಯಿಯಲ್ಲಿ. ಬಾಯಿ ಸುಳ್ಳು ಹೇಳೀತು, ಹಲ್ಲು ಹೇಳುವುದಿಲ್ಲ.

"ಯಾರೇ ಅದು?" ಎಂದೆ.

"ಯಾರೂ ಇಲ್ಲ."

"ಯಾರು ಅಂತ ಕೇಳ್ದೆ. ಇದಾರಾ ಇಲ್ವಾ ಅಂತ ಕೇಳ್ಲಿಲ್ಲ."

ಅವಳು ಕೈ ಅಡ್ಡ ಇಟ್ಟುಕೊಂಡೇ ಹೇಳಿದಳು. ತರಗತಿಯಲ್ಲಿ ಅವಳಿಗೆ 'ಶಟರ್' ಎಂದು ಹೆಸರು. ಮುಂದಿನ ನಾಲ್ಕು ಹಲ್ಲು ಸ್ವಲ್ಪ ಮುಂದಕ್ಕಿವೆ, ತುಟಿ ಪೂರ್ತಿ ಕೂಡುವುದಿಲ್ಲ. ಅಂಗಡಿ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿದೆ ಎಂದು ಒಬ್ಬಳು ಹೇಳಿದಳಂತೆ. ಆ ಒಬ್ಬಳು ಯಾರು? ಹೋದ ವರ್ಷದವರೆಗೆ ನಮ್ಮ ಮನೆಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತು ದವಡೆ ನಾಟಕ ಆಡುತ್ತಿದ್ದ ಅಚ್ಚುಮೆಚ್ಚಿನ ಗೆಳತಿ! ಈಗ ಮೊಮ್ಮಗಳು ಪಾಠದಲ್ಲಿ ಉತ್ತರ ಹೇಳಲು ಎದ್ದರೆ ಹಿಂದಿನ ಬೆಂಚಿನಿಂದ "ಕರ್ರ್ರ್" ಎಂದು ಶಟರ್ ಎತ್ತುವ ಸದ್ದು. ಕೂತರೆ "ಕರ್ರ್ರ್, ಧಡ್". ಹಾಗಾಗಿ ಅವಳು ಏಳುವುದನ್ನೇ ಬಿಟ್ಟಿದ್ದಳು.

"ವೈರ್ ಹಾಕಿಸೋಣ. ಡಾಕ್ಟರು ಎರಡು ವರ್ಷದಲ್ಲಿ ಒಳಗೆ ತಳ್ತಾರೆ."

"ಎರಡು ವರ್ಷ ಶಟರಿಗೆ ಗ್ರಿಲ್ ಬಂತು ಅಂತಾರೆ," ಎಂದಳು. ನನಗೆ ನಗು ಬಂದೇ ಬಿಟ್ಟಿತು. ಅವಳು ನಗಲಿಲ್ಲ. "ಅಜ್ಜಿ, ಈ ನಾಲ್ಕೂ ಕೀಳಿಸಿ, ನೀನೇ ನೆಟ್ಟಗಿರೋದು ಮಾಡಿ ಹಾಕ್ಬಿಡು. ನೀನು ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ."

ಗಟ್ಟಿಮುಟ್ಟಾದ ನಾಲ್ಕು ಹಲ್ಲು! ನನ್ನ ಕಣ್ಣು ಕಪಾಟಿನ ಮೇಲಿದ್ದ ತಗಡಿನ ಡಬ್ಬಿಯ ಕಡೆ ಹೋಯಿತು. ತಕ್ಷಣ ತಿರುಗಿಸಿಕೊಂಡೆ. "ಹುಚ್ಚುಚ್ಚಾಗಿ ಆಡ್ಬೇಡ, ನಡಿ," ಎಂದು ಗದರಿಸಿದೆ. ಹೆದರಿದಾಗ ನಾನು ಗದರಿಸುತ್ತೇನೆ.

ಮಾರನೆಯ ದಿನ ಶಾಲೆಗೆ ಹೋದೆ. ಹೆಡ್ಮಾಸ್ಟರು ಕುರ್ಚಿ ತೋರಿಸಿದರು, ನಾನು ಹೇಳಿದ್ದೆಲ್ಲ ಕೇಳಿದರು. ಆಮೇಲೆ ತುಂಬು ಬಾಯಿ ನಕ್ಕರು.

"ಅಯ್ಯೋ, ಮಕ್ಕಳಾಟ ಬಿಡಿ ಅಮ್ಮಾ. ನಮ್ಮ ಕಾಲದಲ್ಲಿ ಇದಕ್ಕಿಂತ ಜಾಸ್ತಿ ಅಂತಿರ್ಲಿಲ್ವಾ? ನಕ್ಕು ಬಿಡ್ಬೇಕು. ನಕ್ಕು ಬಿಟ್ರೆ ಅವರೇ ಸುಮ್ನಾಗ್ತಾರೆ."

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಸಾರ್."

"ಇಲಿ ಸ್ವಲ್ಪ ಗಟ್ಟಿ ಆಗ್ಬೇಕು ಅಮ್ಮಾ," ಎಂದು ಮತ್ತೂ ನಕ್ಕರು. ಮೇಲಿನ ಸಾಲು ಥಳಥಳ ಎನ್ನುತ್ತಿತ್ತು. ಥಳಥಳ ಎನ್ನದೆ ಏನು? ಅಷ್ಟೂ ಹಲ್ಲು ನಾನು ಮಾಡಿದ್ದು! ಆರು ವರ್ಷದ ಹಿಂದೆ, ಮೂರು ದಿನ ಕೂತು, ಅವರ ಮುಖಕ್ಕೆ ಹೊಂದುವ ಬಣ್ಣ ಆರಿಸಿ ನೆಟ್ಟಿದ್ದೆ. ನನ್ನ ಹಲ್ಲಿನಲ್ಲೇ ನನ್ನ ಎದುರು ನಗುತ್ತಿದ್ದರು ಮಹಾನುಭಾವರು. ಕಸುಬಿನ ನಿಯಮ ನೆನಪಾಗಿ ನನ್ನ ಹಲ್ಲು ನಾನು ಕಚ್ಚಿಕೊಂಡು ಎದ್ದು ಬಂದೆ.

ಕಾಯುವವಳಿಗೆ ಕಾಲವೂ ಒದಗುತ್ತದೆ. ಎರಡು ವಾರ ಕಳೆದ ಮೇಲೆ ಸೋಮವಾರ ಬೆಳಗ್ಗೆ ಕ್ಲಿನಿಕ್ಕಿನ ಸಹಾಯಕಿ ಒಂದು ಪೊಟ್ಟಣ ಹಿಡಿದು ಮೇಲೆ ಬಂದಳು. ಹೊಸ ಹುಡುಗಿ, ಹೇಳಿದ್ದಕ್ಕೆಲ್ಲ ಹೂಂ ಅನ್ನುವವಳು. ಡಾಕ್ಟರು ಒಂದು ವಾರ ಊರಲ್ಲಿರಲಿಲ್ಲ. ಪೊಟ್ಟಣದಲ್ಲಿ ಹೆಡ್ಮಾಸ್ಟರ ಹಲ್ಲಿನ ಸೆಟ್ಟು, ನಡುವೆ ಸೀಳಿ ಎರಡು ಹೋಳು. ಗಟ್ಟಿ ಬಿಸ್ಕತ್ತು ಕಚ್ಚಿದ್ದರಂತೆ.

"ಪರೀಕ್ಷೆ ವಾರ ಅಂತೆ, ರಜ ಹಾಕೋ ಹಾಗಿಲ್ಲವಂತೆ. ಕರ್ಚೀಫ್ ಹಿಡ್ಕೊಂಡು ಕೆಳಗೆ ಕೂತಿದಾರೆ. ಬೇಗ ಆಗುತ್ತಾ?"

ಎರಡು ಗಂಟೆಯ ಕೆಲಸ. ಸತ್ಯವಾಗಿ ಎರಡೇ ಗಂಟೆ. "ನಾಲ್ಕು ದಿನ ಬೇಕು ಅಂತ ಹೇಳು," ಎಂದೆ. "ಸಂಜೆ ಹೊತ್ತಿಗೆ ತಾತ್ಕಾಲಿಕದ್ದು ಒಂದು ಮಾಡಿಕೊಡ್ತೀನಿ, ಅಲ್ಲೀವರೆಗೆ ಅದನ್ನ ಹಾಕ್ಕೊಳ್ಳಲಿ."

ಅವರ ದವಡೆಯ ಹಳೆ ಅಚ್ಚು ನನ್ನ ಕಪಾಟಿನಲ್ಲೇ ಇತ್ತು. ಅದರ ಮೇಲೆ ತಳ ಕೂರಿಸಿದೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಕಚ್ಚಿದರೆ ಕೂರಬೇಕು, ಮಾತಾಡಿದರೆ ಜಾರಬಾರದು. ಎಷ್ಟೇ ಸಿಟ್ಟಿದ್ದರೂ ಕಳಪೆ ಕೆಲಸ ನನ್ನ ಕೈಯಿಂದ ಆಗುವುದಿಲ್ಲ. ಆಮೇಲೆ ಮೊಮ್ಮಗಳ ಅಚ್ಚನ್ನು ಎದುರಿಗೆ ಇಟ್ಟುಕೊಂಡೆ. ಅಳತೆ ಕಡ್ಡಿ ಹಿಡಿದೆ. ಮುಂದಿನ ಎರಡು ಹಲ್ಲು ಎಷ್ಟು ಹೊರಗಿವೆ, ಎಡಗಡೆಯದು ಬಲಗಡೆಯದರ ಮೇಲೆ ಎಷ್ಟು ಹತ್ತಿದೆ, ಪಕ್ಕದ್ದು ಎಷ್ಟು ವಾಲಿದೆ, ಎಲ್ಲವನ್ನೂ ಹಾಗೆಯೇ ಮೇಣದಲ್ಲಿ ನೆಟ್ಟೆ. ಒಂಬತ್ತು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು ಅವಳ ಒಂದು ಹಲ್ಲಿನ ಮೂಲೆ ಚೂರು ಮುರಿದಿತ್ತು. ಅದನ್ನೂ ಅರದಿಂದ ಉಜ್ಜಿ ಮೂಡಿಸಿದೆ. ಕೈ ಒಮ್ಮೆ ಓಡಲು ಹಿಡಿದರೆ ನಾನು ಅರ್ಧಕ್ಕೆ ನಿಲ್ಲಿಸುವವಳಲ್ಲ. ಮುಗಿಸಿ ಹೊಳಪು ಕೊಟ್ಟು ನೋಡಿದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಕ್ಕು ಬಿಡಿ ಸಾರ್ ಈಗ, ಎಂದುಕೊಂಡೆ.

ಕನ್ನಡಿ ನೋಡಿಕೊಂಡು ಹೆಡ್ಮಾಸ್ಟರು ಕುರ್ಚಿಯಲ್ಲೇ ಕುಸಿದರಂತೆ. ಇದು ಬೇಡವೆಂದರೆ ಬೋಳು ಬಾಯಿ, ಬೋಳು ಬಾಯಲ್ಲಿ ಶಾಲೆಗೆ ಹೋಗಲಾಗದು. ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುತ್ತಾರಲ್ಲ, ಇವರಿಗೆ ಎರಡೂ ಇತ್ತು, ಬಾಯಿ ಬಿಡುವ ಧೈರ್ಯ ಮಾತ್ರ ಇರಲಿಲ್ಲ.

ಮಂಗಳವಾರ ಸಂಜೆ ಮೊಮ್ಮಗಳು ಬಂದಾಗ ನಾನು ಏನೂ ಅರಿಯದವಳಂತೆ ಪ್ಲಾಸ್ಟರ್ ಕಲಸುತ್ತಿದ್ದೆ.

"ಏನೇ ಸಮಾಚಾರ?"

"ಏನಿಲ್ಲ."

"ಹೆಡ್ಮಾಸ್ಟರು ಚೆನ್ನಾಗಿದಾರಾ?"

ಅವಳು ನನ್ನನ್ನು ಒಂದು ಸಲ ನೋಡಿದಳು. "ಹೊಸ ಹಲ್ಲು ಹಾಕ್ಕೊಂಡು ಬಂದಿದಾರೆ. ಬೆಳಗ್ಗೆ ಪ್ರಾರ್ಥನೆ ಆದ್ಮೇಲೆ ಭಾಷಣ ಮಾಡ್ಲಿಲ್ಲ. ಒಂದೇ ಮಾತು ಹೇಳಿ ಹೋಗ್ಬಿಟ್ರು."

ದಿನಾ ಇಪ್ಪತ್ತು ನಿಮಿಷ ಕೊರೆಯುವ ಮನುಷ್ಯ! ನಾನು ಗೋಡೆಯ ಕಡೆ ತಿರುಗಿ ಭುಜ ಕುಣಿಸಿ ನಕ್ಕೆ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಬುಧವಾರ ಇನ್ನೊಂದು ಸುದ್ದಿ ಬಂತು. ಹಿಂದಿನ ಬೆಂಚು ಅವರಿಗೆ 'ಗೋದಾಮಿನ ಶಟರ್' ಎಂದು ಹೆಸರಿಟ್ಟಿತ್ತು. ನಾನು ತೊಡೆ ತಟ್ಟಿಕೊಳ್ಳುವಷ್ಟರಲ್ಲಿ ಅವಳು ಮುಂದಿನ ಮಾತು ಹೇಳಿದಳು.

"ನನಗೆ ಗೋದಾಮಿನ ಮರಿ ಅಂತಾರೆ. ಹೆಡ್ಮಾಸ್ಟರು ನಿನ್ನ ಅಜ್ಜನಾ ಅಂತ ಕೇಳ್ತಾರೆ. ಮುಂಚೆ ನಮ್ಮ ಕ್ಲಾಸಿನವರು ಮಾತ್ರ ಅಂತಿದ್ರು. ಈಗ ಇಡೀ ಸ್ಕೂಲೇ ಕರ್ರ್ರ್ ಅನ್ನುತ್ತೆ."

ಕಲಸುತ್ತಿದ್ದ ಪ್ಲಾಸ್ಟರ್ ಬಟ್ಟಲಿನಲ್ಲೇ ಗಟ್ಟಿಯಾಯಿತು. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ.

ಗುರುವಾರ ಅವಳು ಬಂದವಳೇ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತಳು. ಎರಡು ತಿಂಗಳ ಮೇಲೆ ಮೊದಲ ಸಲ ಕೂತಳು. ಮುಖ ಮಾತ್ರ ಸರಿಯಿರಲಿಲ್ಲ.

"ನಾನು ಊಟ ಎಲ್ಲಿ ಮಾಡ್ತೀನಿ ಗೊತ್ತಾ ಅಜ್ಜಿ? ಮ್ಯಾಪ್ ಇಡೋ ಕೋಣೇಲಿ. ಸುತ್ತಿಟ್ಟಿರೋ ಮ್ಯಾಪುಗಳ ಹಿಂದೆ ಒಂದು ಮುರುಕು ಬೆಂಚಿದೆ. ಅಲ್ಲಿಗೆ ಯಾರೂ ಬರಲ್ಲ. ಇವತ್ತು ಬಾಗಿಲು ತೆಗೀತು. ಹೆಡ್ಮಾಸ್ಟರು, ಕೈಯಲ್ಲಿ ಊಟದ ಡಬ್ಬಿ. ನನ್ನ ನೋಡಿ ಬೆಚ್ಚಿಬಿದ್ರು."

"ಬೈದ್ರಾ?"

"ಇಲ್ಲ. ನೀನಿಲ್ಲಿ ಯಾಕೆ ಅಂದ್ರು. ನೀವ್ಯಾಕೆ ಸಾರ್ ಅಂದೆ. ಆಮೇಲೆ ಇಬ್ರೂ ಕೂತು ತಿಂದ್ವಿ. ಅವರೂ ಬಾಯಿಗೆ ಕೈ ಅಡ್ಡ, ನಾನೂ ಅಡ್ಡ. ಒಂದು ಸಲ ಅವರ ಡಬ್ಬಿ ಮುಚ್ಚಳ ಕೆಳಗೆ ಬಿತ್ತು, ಎತ್ಕೊಳ್ಳೋಕೆ ಕೈ ತೆಗೆದ್ರು." ಅವಳು ತನ್ನ ಹಲ್ಲಿನ ಮುರಿದ ಮೂಲೆಯನ್ನು ನಾಲಿಗೆಯಿಂದ ಮುಟ್ಟಿಕೊಂಡಳು. "ಹೆಡ್ಮಾಸ್ಟರು ಯಾವ ಸೈಕಲ್ಲಿಂದ ಬಿದ್ರು ಅಜ್ಜಿ?"

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಮೇಜಿನ ಮೇಲಿದ್ದ ಅವಳ ಅಚ್ಚನ್ನು ಮುಚ್ಚಲು ಹೋಯಿತು. ಅಷ್ಟೇ ಸಾಕಾಯಿತು ಅವಳಿಗೆ.

"ಅವರು ಹಾಗೆ ಮಾತಾಡಿದ್ರು ಅಂತ ನನಗೆ ಸಿಟ್ಟು ಬಂತು ಕಣೇ," ಎಂದೆ. "ನಿನ್ನ ಕಷ್ಟ ಏನು ಅಂತ ಅವರಿಗೂ ಗೊತ್ತಾಗ್ಲಿ ಅಂತ..."

"ಅವರಿಗೆ ಶಿಕ್ಷೆ ಕೊಡ್ಬೇಕು ಅನ್ನಿಸ್ತು ನಿನಗೆ. ಪ್ರಪಂಚದಲ್ಲಿರೋ ಶಿಕ್ಷೆಯೆಲ್ಲಾ ಬಿಟ್ಟು ನನ್ನ ಹಲ್ಲೇ ಕೊಟ್ಟೆಯಲ್ಲ ಅಜ್ಜಿ."

ಅವಳು ಅಚ್ಚಿನ ಮೇಲಿಂದ ನನ್ನ ಕೈ ಸರಿಸಿದಳು.

"ಅವರೆಲ್ಲ ಬಾಯಿಗೆ ಬಂದದ್ದು ಅಂತಾರೆ, ಮರೀತಾರೆ. ನೀನು ಕೂತ್ಕೊಂಡು, ಅಳತೆ ತಗೊಂಡು, ಇದಕ್ಕಿಂತ ಅಸಹ್ಯ ಯಾವುದೂ ಇಲ್ಲ ಅಂತ ತೀರ್ಮಾನ ಮಾಡಿದೀಯ. ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ. ನಿನ್ನ ಕವಚಾನೂ ಬೇಡ." ನಾನು ಮಾಡಿಕೊಟ್ಟ ಕವಚದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಬಾಗಿಲು ಧಡಾರನೆ ಹಾಕಿದ್ದರೂ ಸಹಿಸುತ್ತಿದ್ದೆ. ಮೆಲ್ಲಗೆ ಮುಂದೆ ಮಾಡಿಕೊಂಡು ಹೋದಳು.

ಶುಕ್ರವಾರ ಬೆಳಗ್ಗೆ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದೆ, ರಮಿಸಿದೆ, ಗದರಿಸಿದೆ. ಹೊದಿಕೆ ಅಲುಗಲಿಲ್ಲ. ಈ ಮಗು ಶಾಲೆಗೆ ಹೋಗದಿದ್ದರೆ ಹೋಗಲಿ, ನನ್ನ ಮುಖವನ್ನೇ ನೋಡದಿದ್ದರೆ ನಾನು ಹೇಗೆ ಬದುಕುವುದು ಎನ್ನಿಸಿ ಭಯವಾಯಿತು. ಸೋಮವಾರವೇ ರಿಪೇರಿಯಾಗಿದ್ದ ಸೆಟ್ಟನ್ನು ಡಬ್ಬಿಗೆ ಹಾಕಿಕೊಂಡು ಊಟದ ಹೊತ್ತಿಗೆ ಶಾಲೆಗೆ ಹೋದೆ. ಕಚೇರಿಗಲ್ಲ, ನೇರ ಮ್ಯಾಪಿನ ಕೋಣೆಗೆ.

ಹೆಡ್ಮಾಸ್ಟರು ಮುರುಕು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ನನ್ನನ್ನು ನೋಡಿ ಅವರ ಕೈ ತಾನಾಗಿ ಬಾಯಿಗೆ ಹೋಯಿತು.

"ರಿಪೇರಿ ಆಯ್ತಾ?"

"ಸೋಮವಾರವೇ ಆಗಿತ್ತು ಸಾರ್," ಎಂದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿ ಕೈ ಕಟ್ಟಿಕೊಂಡೆ. "ಬೈಯಿರಿ."

ಅವರು ಊಟದ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. "ಡಾಕ್ಟರಿಗೆ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ."

"ಗೊತ್ತು ಸಾರ್."

"ಗೊತ್ತಿದ್ದೂ ಮಾಡಿದ್ರಲ್ಲ, ಎಂಥಾ ಹೆಂಗಸ್ರೀ ನೀವು!" ಎಂದರು. ಬೈಗುಳ ಅಷ್ಟಕ್ಕೇ ಮುಗಿಯಿತು. ಆಮೇಲೆ ನೆಲ ನೋಡುತ್ತ ಹೇಳಿದರು, "ಮೊದಲ ದಿನ ಕನ್ನಡಿ ಮುಂದೆ ನಿಂತು ನಕ್ಕು ಬಿಡೋಣ ಅಂತ ನೋಡಿದೆ. ಆಗ್ಲಿಲ್ಲ. ನನಗೆ ಐವತ್ತೇಳು. ನಾಲ್ಕೇ ದಿನ ಅಂತ ಗೊತ್ತಿತ್ತು. ಆದ್ರೂ ಬೆಳಗಾದ್ರೆ ಹೊಟ್ಟೆ ನೋವು ಬರ್ತಿತ್ತು, ಮನೇಲಿ ಹೆಂಡತಿ ಹತ್ರಾನೂ ಮಾತಾಡೋಕೆ ಆಗ್ತಿರ್ಲಿಲ್ಲ. ಆ ಮಗುಗೆ ಇನ್ನೆಷ್ಟು ದಿನ ಅಂತಾನೂ ಗೊತ್ತಿಲ್ಲ, ಅಲ್ವಾ? ಎರಡು ತಿಂಗಳಿಂದ ಇಲ್ಲಿ ಕೂತಿದಾಳೆ, ನನ್ನ ಆಫೀಸಿಂದ ಹತ್ತು ಹೆಜ್ಜೆ." ಅವರ ಕಣ್ಣು ತುಂಬಿತ್ತು. ನನ್ನದೂ.

ಹಳೆ ಸೆಟ್ಟು ಹಾಕಿಕೊಂಡರು. ತಾತ್ಕಾಲಿಕದ್ದನ್ನು ನಾನು ಕೇಳಿದರೆ ಕೊಡಲಿಲ್ಲ. "ಇದು ನನ್ನ ಮೇಜಿನ ಡ್ರಾಯರಲ್ಲಿರ್ಲಿ. ಇನ್ನೊಂದು ಸಲ ಮಕ್ಕಳಾಟ ಅನ್ನೋ ಮಾತು ಬಾಯಿಗೆ ಬಂದ್ರೆ ಹಾಕ್ಕೋತೀನಿ. ಹಿಂದಿನ ಬೆಂಚಿನ ವಿಷಯ ನನಗೆ ಬಿಡಿ, ಅವರ ಅಪ್ಪ ಅಮ್ಮಂದಿರನ್ನೂ ಕರೆಸ್ತೀನಿ. ಸೋಮವಾರದಿಂದ ನಾನು ಆ ಕ್ಲಾಸಲ್ಲೇ ಊಟ ಮಾಡ್ತೀನಿ. ನೀವು ಅವಳನ್ನ ಕಳಿಸಿ."

ಕಳಿಸಿ ಅಂದರೆ ಹೇಗೆ ಕಳಿಸಲಿ? ಮನೆಗೆ ಬಂದು ಕಪಾಟಿನ ಮೇಲಿನ ತಗಡಿನ ಡಬ್ಬಿ ಇಳಿಸಿದೆ. ನಲವತ್ತೇಳು ವರ್ಷದ ಧೂಳು ಅಲ್ಲದಿದ್ದರೂ ಅದರ ಹತ್ತಿರದ್ದು. ಒಳಗಿದ್ದ ಪ್ಲಾಸ್ಟರ್ ದವಡೆಯನ್ನು ತೆಗೆದುಕೊಂಡು ಹೋಗಿ ಮೊಮ್ಮಗಳ ಹಾಸಿಗೆಯ ಮೇಲೆ, ಅವಳ ಮೂಗಿನ ಮುಂದೆ ಇಟ್ಟೆ.

"ಯಾರದ್ದು ಹೇಳು."

ಹೊದಿಕೆಯಿಂದ ಒಂದು ಕಣ್ಣು ಹೊರಬಂತು. "ನಂದೇ. ಎಷ್ಟು ಸಲ ತೋರಿಸ್ತೀಯ."

"ಮುರಿದ ಮೂಲೆ ಎಲ್ಲಿ?"

ಅವಳು ಎದ್ದು ಕೂತು ದವಡೆಯನ್ನು ಕೈಗೆತ್ತಿಕೊಂಡಳು. ಮುಂದಿನ ಎರಡು ಹಲ್ಲು ಅಷ್ಟೇ ಹೊರಗೆ, ಎಡದ್ದು ಬಲದ್ದರ ಮೇಲೆ ಅಷ್ಟೇ ಹತ್ತಿಕೊಂಡು, ಪಕ್ಕದ್ದು ಅಷ್ಟೇ ವಾಲಿಕೊಂಡು. ಮೂಲೆ ಮಾತ್ರ ಮುರಿದಿರಲಿಲ್ಲ. ಪ್ಲಾಸ್ಟರ್ ಹಳದಿಗೆ ತಿರುಗಿತ್ತು.

ನಾನು ಬಾಯಿಗೆ ಕೈ ಹಾಕಿ ನನ್ನ ನಾಲ್ಕು ಹಲ್ಲಿನ ಪ್ಲೇಟನ್ನು ತೆಗೆದೆ. ಗಂಡನ ಎದುರು ತೆಗೆದವಳಲ್ಲ, ಮಗಳ ಎದುರು ತೆಗೆದವಳಲ್ಲ. ಮೆಟ್ಟಿಲಿನಿಂದ ಬಿದ್ದು ಹೋದವು ಎಂದು ಮನೆಯವರಿಗೆಲ್ಲ ಸುಳ್ಳು ಹೇಳಿಕೊಂಡು ಬಂದಿದ್ದೆ. "ಬೀಳಲಿಲ್ಲ ಕಣೇ," ಎಂದೆ. ಹಲ್ಲಿಲ್ಲದ ಬಾಯಲ್ಲಿ ಮಾತು ಪುಸಪುಸ ಎಂದಿತು. "ಹದಿನೇಳು ವರ್ಷಕ್ಕೆ ನಾನೇ ಕೀಳಿಸಿದ್ದು. ನನಗೆ ಪಿಕಾಸಿ ಅಂತಿದ್ರು. ಈಗಿನ ಡಾಕ್ಟರ ಅಪ್ಪ ಬೇಡ ಬೇಡ ಅಂದ್ರು, ಅತ್ತು ಕರೆದು ಕೀಳಿಸ್ಕೊಂಡೆ. ಕೀಳೋ ಮುಂಚೆ ಅವರು ತೆಗೆದ ಅಚ್ಚು ಇದು. ಹೊಸ ಹಲ್ಲು ಬರೋಕೆ ಮೂರು ತಿಂಗಳಾಯ್ತು. ಅಷ್ಟು ದಿನ ಏನಂದ್ರು ಗೊತ್ತಾ? ಬೊಚ್ಚಿ!"

ಆ "ಬೊಚ್ಚಿ" ಎನ್ನುವಾಗ ನನ್ನ ಬಾಯಿಂದ ಎಂಥ ಗಾಳಿ ಹೊರಟಿತೋ, ಮೊಮ್ಮಗಳು ಪಕ್ಕನೆ ನಕ್ಕಳು. ನಕ್ಕು, ನಕ್ಕದ್ದಕ್ಕೆ ಸಿಟ್ಟಾಗಿ, ಕೈ ಅಡ್ಡ ಇಟ್ಟುಕೊಂಡಳು.

"ಹಾಗಾದ್ರೆ ನಂದೂ ಕೀಳ್ಸು. ನೀನು ಕೀಳಿಸ್ಕೊಂಡಿದೀಯಲ್ಲ."

ಇದೇ ಮಾತಿಗೆ ಹೆದರಿ ತಾನೇ ಡಬ್ಬಿ ಮುಚ್ಚಿಟ್ಟಿದ್ದು. "ಅವರು ಒಪ್ಪೋ ಹಲ್ಲನ್ನ ನಲವತ್ತೇಳು ವರ್ಷ ಬಾಯಲ್ಲಿಟ್ಕೊಂಡು ತಿರುಗ್ತಿದೀನಿ," ಎಂದೆ. "ಪಿಕಾಸಿ ಅಂದೋರೆಲ್ಲ ಎಲ್ಲೆಲ್ಲಿಗೋ ಹೋದ್ರು, ಕೆಲವರು ಸತ್ತೂ ಹೋದ್ರು. ನಾನು ಮಾತ್ರ ಬೆಳಗಾದ್ರೆ ಅವರಿಗೋಸ್ಕರ ಹಲ್ಲು ಸಿಕ್ಕಿಸ್ಕೋತೀನಿ. ನಿನ್ನ ಹಲ್ಲು ಅಸಹ್ಯ ಅಂತ ನನಗನ್ನಿಸಿತ್ತು, ನಿಜ. ನನ್ನದೇ ಅಸಹ್ಯ ಅಂತ ಅನ್ಕೊಂಡು ಬಂದವಳು ನಾನು, ನಿನ್ನದನ್ನ ಹೇಗೆ ಚೆಂದ ಅಂತೀನಿ? ತಪ್ಪಾಯ್ತು ಕಣೇ."

ನನಗೆ ಅಳು ಬಂತು. ಸಿಟ್ಟಿನ ಹೆಂಗಸು ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಅದರಲ್ಲೂ ಬೊಚ್ಚುಬಾಯಲ್ಲಿ. ಅವಳು ಆ ಹಳೆಯ ದವಡೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಹಳೆಯ ತುಂಟತನ ಎಲ್ಲಿಂದಲೋ ಕಣ್ಣಿಗೆ ಇಳಿಯಿತು.

"ಹೆಡ್ಮಾಸ್ಟರಿಗೆ ಒಂದೇ ದಿನದಲ್ಲಿ ಮಾಡಿಕೊಟ್ಯಲ್ಲ," ಎಂದಳು. "ನಿನಗೂ ಮಾಡ್ಕೋ. ಹಳೇದು ಇದ್ದ ಹಾಗೇ. ಅದನ್ನ ಹಾಕ್ಕೊಂಡು ಸೋಮವಾರ ನನ್ನ ಗೇಟಿನವರೆಗೆ ಬಿಡು. ಆಗ ಬರ್ತೀನಿ."

"ನಾನಾ? ಈ ವಯಸ್ಸಲ್ಲಾ?"

"ನಾಲ್ಕೇ ಹಲ್ಲು ಅಜ್ಜಿ. ಇಲಿ ಸ್ವಲ್ಪ ಗಟ್ಟಿ ಆಗ್ಬೇಕು." ಹೆಡ್ಮಾಸ್ಟರ ಮಾತನ್ನು ಅಣಕಿಸಿ ಬೈದು ಅವಳಿಗೆ ಹೇಳಿದವಳು ನಾನೇ. ಮಾಡಿದ್ದುಣ್ಣೋ ಮಹರಾಯ.

ಶನಿವಾರ ಅವಳೇ ಸ್ಟೂಲಿನ ಮೇಲೆ ಕೂತು ಅಳತೆ ಓದಿದಳು, ನಾನು ನೆಟ್ಟೆ. ಎಡದ್ದು ಸಾಲದು, ಇನ್ನೂ ಹತ್ತಿಸು ಎಂದು ದಬಾಯಿಸಿದಳು. ಭಾನುವಾರ ಹಾಕಿಕೊಂಡು ಕನ್ನಡಿ ನೋಡಿದೆ. ಹದಿನೇಳರ ಹುಡುಗಿಯ ಹಲ್ಲು, ಅರವತ್ತನಾಲ್ಕರ ಮುಖ. ಮೇಲಿನ ತುಟಿ ಅವುಗಳನ್ನು ಮರೆತಿರಲಿಲ್ಲ, ತನ್ನ ಜಾಗಕ್ಕೆ ಸರಿದು ಕೂತಿತು. ಮಗಳು ನೋಡಿ ಮೊದಲು ಹೌಹಾರಿದಳು, ಆಮೇಲೆ ವಿಷಯವೆಲ್ಲ ಕೇಳಿ ನನ್ನನ್ನೂ ಬೈದಳು, ತನ್ನನ್ನೂ ಬೈದುಕೊಂಡಳು. ಹಲ್ಲು ಕಡಿಯುವುದು ಕವಚದಿಂದ ಮಾತ್ರ ನಿಲ್ಲುವುದಿಲ್ಲ, ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರವೂ ಹೋಗೋಣ ಎಂದು ದಿನ ಗೊತ್ತು ಮಾಡಿದಳು. ಕವಚದ ಪೆಟ್ಟಿಗೆ ಮೇಜಿನ ಮೇಲಿಂದ ಮಾಯವಾಗಿತ್ತು, ನಾನು ಕೇಳಲು ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಹೊಟ್ಟೆ ನೋವು ಬಂದದ್ದು ನನಗೆ. ಸುಳ್ಳಲ್ಲ, ನಿಜವಾದ ನೋವು. ಮೊಮ್ಮಗಳು ನೀರು ತಂದುಕೊಟ್ಟು, "ಗೇಟಿನ ಹತ್ರ ಹೋದ್ಮೇಲೆ ಜಾಸ್ತಿ ಆಗುತ್ತೆ, ಆಮೇಲೆ ಕಡಿಮೆ ಆಗುತ್ತೆ," ಎಂದಳು, ಕಾಯಿಲೆ ಬಲ್ಲವಳ ಹಾಗೆ. ಬೀದಿಗಿಳಿದೆವು. ಅವಳ ಒಂದು ಕೈಯಲ್ಲಿ ಊಟದ ಚೀಲ, ಇನ್ನೊಂದು ಕೈ ಬಾಯಿಯ ಮೇಲೆ. ಹಾಲಿನ ಅಂಗಡಿಯವನು ನನ್ನನ್ನು ಎರಡು ಸಲ ನೋಡಿದ. ಕ್ಲಿನಿಕ್ಕಿನ ಸಹಾಯಕಿ ಬಾಗಿಲಲ್ಲೇ ಕಲ್ಲಾದಳು. ಡಾಕ್ಟರಿಗೆ ಇದೊಂದೂ ಇನ್ನೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಶಾಲೆಯ ಗೇಟಿನ ಬಳಿ ಆ ಹಳೆಯ ಗೆಳತಿ ನಾಲ್ಕೈದು ಜನರೊಂದಿಗೆ ನಿಂತಿದ್ದಳು. ಮೊಮ್ಮಗಳನ್ನು ನೋಡಿದ್ದೇ ಗುಂಪಿನ ಹಿಂದಿನಿಂದ ಯಾರೋ ಎಳೆದರು: "ಕರ್ರ್ರ್."

ನಲವತ್ತೇಳು ವರ್ಷ ಕಳೆದಿದ್ದವು. ನಲವತ್ತೈದು ವರ್ಷ ಊರಿನವರ ಬಾಯಿ ತುಂಬಿಸಿದ್ದೆ. ಯಾರಿಗೂ ಹೆದರುವವಳಲ್ಲ ಎಂದು ಹೆಸರು ಪಡೆದಿದ್ದೆ. ಆದರೂ ಆ ಸದ್ದು ಕೇಳಿದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದು ನನ್ನ ಬಾಯಿಯನ್ನು ಮುಚ್ಚಿತು.

ಮೊಮ್ಮಗಳು ನಿಂತಳು. ನನ್ನ ಮುಖ ನೋಡಿದಳು. ತನ್ನ ಬಾಯಿಯ ಮೇಲಿದ್ದ ಕೈ ಚಾಚಿ ನನ್ನ ಕೈಯನ್ನು ಹಿಡಿದು ಕೆಳಕ್ಕೆಳೆದಳು.

"ಕೈ ಇಳಿಸು ಅಜ್ಜಿ," ಎಂದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ನಾನಿದೀನಿ."

ಎಳೆದ ಕೈಯನ್ನು ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ಗೆಳತಿಯ ಎದುರಿನಿಂದಲೇ ಗೇಟು ದಾಟಿಸಿ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಒಂದು ಕೈಯಲ್ಲಿ ಊಟದ ಚೀಲ, ಇನ್ನೊಂದರಲ್ಲಿ ನಾನು. ಬಾಯಿ ಮುಚ್ಚಿಕೊಳ್ಳುವುದಕ್ಕೆ ಅವಳ ಬಳಿ ಕೈ ಉಳಿದಿರಲಿಲ್ಲ.